ಹಳೆಯ ವ್ಯಾನಗನ್‌ಗೆ ಗೇರ್‌ಬಾಕ್ಸ್ ಬದಲಿಸುವ ಬಗೆ

ಫೋಕ್ಸ್‌ವ್ಯಾಗನ್ ಕಂಪನಿಯ ವ್ಯಾನಗನ್ ಎಂಬ ವ್ಯಾನ್ ಅಮೆರಿಕದಲ್ಲಿ ಮಾರಾಟವಾದದ್ದು 1980ರಿಂದ 1991ರವರೆಗಿನ ಮಾದರಿಗಳಾಗಿ. ಒಲೆ, ಹಾಸಿಗೆ, ಮೇಲೆತ್ತಬಹುದಾದ ಚಾವಣಿಯನ್ನು ಅಳವಡಿಸಿದ ಅದರ ವೆಸ್ಟ್‌ಫಾಲಿಯಾ ಕ್ಯಾಂಪರ್‌ಗಳು ಕ್ಯಾಲಿಫೋರ್ನಿಯಾದಲ್ಲಿ ಇಂದಿಗೂ ಓಡುತ್ತಿವೆ. ಇಲ್ಲಿನ ಕೆಲವು ಗೆಳೆಯರ ಗ್ಯಾರೇಜುಗಳಲ್ಲಿ ಈ ಗಾಡಿಯ ಗೇರ್‌ಬಾಕ್ಸ್ ಬದಲಿಸಲು ಕೈಜೋಡಿಸಿದ್ದೇನೆ. ಹಳೆಯದನ್ನು ಬಿಚ್ಚುವಾಗ ಎಲ್ಲರಿಗೂ ಇರುವ ತಾಳ್ಮೆ, ಹೊಸದನ್ನು ಎಂಜಿನ್ನಿಗೆ ಕೂಡಿಸುವ ಹೊತ್ತಿಗೆ ಸೋರಿಹೋಗಿರುತ್ತದೆ. ಇಲ್ಲಿ ಹೇಳುವುದು ನೀರಿನಿಂದ ತಂಪಾಗುವ ಎಂಜಿನ್ನಿನ, ನಾಲ್ಕು ಗೇರಿನ ಮ್ಯಾನ್ಯುಯಲ್ ಗಾಡಿಯ ಕೆಲಸವನ್ನು.

ಮೊದಲು ಗೇರ್‌ಬಾಕ್ಸ್ ನಿಜವಾಗಿಯೂ ಸವೆದಿದೆಯೇ ಎಂದು ನೋಡಿಕೊಳ್ಳಬೇಕು. ಗೇರ್ ಲಿವರ್ ಮುಂದಿದ್ದು ಗೇರ್‌ಬಾಕ್ಸ್ ಹಿಂದಿರುವುದರಿಂದ ನಡುವಿನ ಉದ್ದನೆಯ ರಾಡಿನ ಬುಷ್‌ಗಳು ಸವೆದರೂ ಗೇರ್ ಸರಿಯಾಗಿ ಬೀಳುವುದಿಲ್ಲ. ಪೆಡಲಿನ ಒತ್ತನ್ನು ದ್ರವದ ಮೂಲಕ ಕ್ಲಚ್ಚಿಗೆ ಮುಟ್ಟಿಸುವ ಸ್ಲೇವ್ ಸಿಲಿಂಡರ್ ಸೋರುತ್ತಿದ್ದರೂ ಗೇರ್ ಹಾಕುವಾಗ ಕರಕರ ಎನ್ನುತ್ತದೆ. ಇವೆರಡೂ ಸರಿಯಿದ್ದು, ಆಕ್ಸಿಲರೇಟರ್ ಬಿಟ್ಟ ಕೂಡಲೇ ನಾಲ್ಕನೇ ಗೇರ್ ತಾನಾಗಿ ನ್ಯೂಟ್ರಲ್‌ಗೆ ಜಾರುತ್ತಿದ್ದರೆ ಅಥವಾ ಬೇರಿಂಗ್ ಊಳಿಡುತ್ತಿದ್ದರೆ ಮಾತ್ರ ಮುಂದುವರಿಯಿರಿ. ಬದಲಿ ಗೇರ್‌ಬಾಕ್ಸನ್ನು ಗುಜರಿ ಅಂಗಡಿಯಿಂದ ತರಬೇಡಿ. ಮೂವತ್ತು ವರ್ಷಕ್ಕೂ ಹಳೆಯ ಆ ಪೆಟ್ಟಿಗೆಯೊಳಗೆ ನಿಮ್ಮದರಲ್ಲಿರುವ ಸವೆತವೇ ಇರುವ ಸಂಭವ ಹೆಚ್ಚು. ಬಿಚ್ಚಿ, ಬೇರಿಂಗ್ ಮತ್ತು ಸಿಂಕ್ರೊ ರಿಂಗ್‌ಗಳನ್ನು (ಗೇರ್ ಹಾಕುವಾಗ ವೇಗ ಹೊಂದಿಸುವ ಉಂಗುರಗಳನ್ನು) ಹೊಸದಾಗಿ ಹಾಕಿ ಕಟ್ಟಿದ್ದನ್ನೇ ಕೊಳ್ಳಿ. ಪೆಟ್ಟಿಗೆಯ ಮೇಲೆ ಒತ್ತಿರುವ ಸಂಕೇತಾಕ್ಷರಗಳನ್ನು ಹಳೆಯದರೊಂದಿಗೆ ತಾಳೆ ನೋಡದೆ ಹಣ ಕೊಡಬೇಡಿ.

ಗಾಡಿಯನ್ನು ಸಮತಟ್ಟಾದ ಕಾಂಕ್ರೀಟ್ ನೆಲದ ಮೇಲೆ ನಿಲ್ಲಿಸಿ, ಬ್ಯಾಟರಿಯ ತಂತಿ ಕಳಚಿ, ಹಿಂಭಾಗವನ್ನು ಎತ್ತಿ ಸ್ಟ್ಯಾಂಡುಗಳ ಮೇಲೆ ಕೂರಿಸಿ. ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು ಮಾತ್ರ. ಅವು ಈಗ ಗಾಳಿಯಲ್ಲಿರುವುದರಿಂದ ಮುಂದಿನ ಎರಡೂ ಚಕ್ರಗಳಿಗೆ ಅಡ್ಡಗಲ್ಲು ಕೊಡದೆ ಗಾಡಿಯ ಕೆಳಗೆ ಇಳಿಯಬಾರದು.

ಚಕ್ರಗಳಿಗೆ ಶಕ್ತಿ ಒಯ್ಯುವ ಆ್ಯಕ್ಸಲ್‌ಗಳ ತುದಿಯಲ್ಲಿ ಬಾಗಿಯೂ ತಿರುಗಬಲ್ಲ ಸಿ.ವಿ. ಜಾಯಿಂಟ್‌ಗಳಿವೆ. ಅವುಗಳನ್ನು ಗೇರ್‌ಬಾಕ್ಸ್ ಕಡೆ ಹಿಡಿದಿರುವುದು ಒಂದೊಂದು ಬದಿಗೆ ಆರರಂತೆ ಹನ್ನೆರಡು ಬೋಲ್ಟ್‌ಗಳು. ಈ ಬೋಲ್ಟ್‌ಗಳ ತಲೆಯ ಕುಳಿಗೆ ಹನ್ನೆರಡು ಮೂಲೆಯ 8 ಮಿಲಿಮೀಟರ್ ಬಿಟ್ ಬೇಕು. ಆರು ಮೂಲೆಯ ಸಾಮಾನ್ಯ ಅಲೆನ್ ಕೀ ತುರುಕಿದರೆ ಮೂಲೆಗಳು ಸವೆದು ಬೋಲ್ಟ್ ಅಲ್ಲೇ ಸಾಯುತ್ತದೆ. ಕುಳಿಯಲ್ಲಿ ಗಟ್ಟಿಯಾಗಿ ಕೂತ ಗ್ರೀಸು, ಮಣ್ಣನ್ನು ಮೊನಚು ಸಲಾಕೆಯಿಂದ ಕೆದಕಿ ತೆಗೆದು, ಬಿಟ್ಟನ್ನು ಸುತ್ತಿಗೆಯಿಂದ ತಟ್ಟಿ ತಳದವರೆಗೆ ಕೂರಿಸಿದ ಮೇಲೆಯೇ ತಿರುಗಿಸಿ. ಅಗ್ಗದ ಟೂಲ್ ಸೆಟ್ಟಿನ ಬಿಟ್‌ಗಳು ಮೂರನೇ ಬೋಲ್ಟಿಗೇ ತಿರುಚಿಕೊಂಡದ್ದನ್ನು ನೋಡಿದ್ದೇನೆ. ಈ ಒಂದು ಉಪಕರಣಕ್ಕೆ ಕಂಜೂಸುತನ ಮಾಡಬೇಡಿ. ಬಿಡಿಸಿದ ಜಾಯಿಂಟಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ಆ್ಯಕ್ಸಲನ್ನು ತಂತಿಯಿಂದ ಮೇಲಕ್ಕೆ ತೂಗುಹಾಕಿ.

ಸ್ಟಾರ್ಟರ್, ರಿವರ್ಸ್ ದೀಪದ ತಂತಿಗಳು, ಗೇರ್ ರಾಡಿನ ಜೋಡಣೆ, ಗೇರ್‌ಬಾಕ್ಸಿನ ಮೂತಿಯಿಂದ ಗಾಡಿಯ ಲೋಹದ ಮೈಗೆ ಹೋಗುವ ಅರ್ಥ್ ಪಟ್ಟಿ, ಇಷ್ಟನ್ನೂ ಕಳಚಿ. ಸ್ಲೇವ್ ಸಿಲಿಂಡರಿನ ಪೈಪನ್ನು ಮಾತ್ರ ಬಿಚ್ಚಬೇಡಿ, ಸಿಲಿಂಡರನ್ನು ಹಾಗೆಯೇ ಪಕ್ಕಕ್ಕೆ ಸರಿಸಿ ಕಟ್ಟಿದರೆ ಮತ್ತೆ ಗಾಳಿ ತೆಗೆಯುವ ಕೆಲಸ ತಪ್ಪುತ್ತದೆ.

ಈ ಗಾಡಿಯಲ್ಲಿ ಎಂಜಿನ್ನಿನ ಮುಂಭಾಗಕ್ಕೆ ಗೇರ್‌ಬಾಕ್ಸ್ ಒಂದೇ ಆಧಾರ. ಆದ್ದರಿಂದ ಗೇರ್‌ಬಾಕ್ಸಿನ ಮೌಂಟ್ ಬಿಚ್ಚುವ ಮುನ್ನ ಎಂಜಿನ್ನಿಗೆ ಒಂದು ಜ್ಯಾಕು, ಗೇರ್‌ಬಾಕ್ಸಿಗೆ ಇನ್ನೊಂದು ಜ್ಯಾಕು ಕೊಡಬೇಕು. ಎಂಜಿನ್ನಿನ ಅಡಿಯಲ್ಲಿ ಪುಷ್‌ರಾಡ್ ಕೊಳವೆಗಳಿವೆ, ಅವುಗಳ ಮೇಲೆ ಭಾರ ಬೀಳಬಾರದು. ಮರದ ತುಂಡಿಟ್ಟು ನಡುವಿನ ಕ್ರ್ಯಾಂಕ್‌ಕೇಸಿಗೇ ಜ್ಯಾಕ್ ಆನಿಸಿ. ಎರಡನ್ನೂ ಒಟ್ಟಿಗೆ ಸ್ವಲ್ಪ ಇಳಿಸುತ್ತಾ, ಕೂಲಂಟ್ ಪೈಪುಗಳು ಬಿಗಿಯುತ್ತಿಲ್ಲವೆಂದು ನೋಡಿಕೊಂಡು, ಎಂಜಿನ್ನಿಗೆ ಕೂಡಿಸಿರುವ ಬೋಲ್ಟ್‌ಗಳನ್ನು ತೆಗೆದು ಗೇರ್‌ಬಾಕ್ಸನ್ನು ನೇರವಾಗಿ ಮುಂದಕ್ಕೆಳೆದರೆ ಅದು ಬಿಡಿಸಿಕೊಳ್ಳುತ್ತದೆ.

ಇಷ್ಟೆಲ್ಲ ಬಿಚ್ಚಿದ ಮೇಲೆ ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್, ಪೈಲಟ್ ಬೇರಿಂಗ್‌ಗಳನ್ನು ಹೊಸದಾಗಿ ಹಾಕದಿರುವುದು ಮೂರ್ಖತನ. ಫ್ಲೈವೀಲ್ ಹಿಂದಿನ ಆಯಿಲ್ ಸೀಲ್ ಒದ್ದೆಯಾಗಿದ್ದರೆ ಅದನ್ನೂ ಬದಲಿಸಿ.

ಇನ್ನು ಕೂಡಿಸುವ ಕೆಲಸ. ಕ್ಲಚ್ ಪ್ಲೇಟನ್ನು ಕಣ್ಣಂದಾಜಿನಲ್ಲಿ ನಡುವಿಗೆ ತರಲು ಹೋಗದೆ, ಅದಕ್ಕೆಂದೇ ಇರುವ ಅಲೈನ್‌ಮೆಂಟ್ ಕಡ್ಡಿಯನ್ನು ಪೈಲಟ್ ಬೇರಿಂಗಿನವರೆಗೆ ತೂರಿಸಿ, ಪ್ರೆಶರ್ ಪ್ಲೇಟಿನ ಬೋಲ್ಟ್‌ಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯಿರಿ. ಕ್ಲಚ್ ಪ್ಲೇಟಿನೊಳಗೆ ಹೋಗುವ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟಿನ ಹಲ್ಲುಗಳಿಗೆ ಗ್ರೀಸು ತೆಳ್ಳಗೆ ಸಾಕು. ಹೆಚ್ಚಾದರೆ ಚಿಮ್ಮಿ ಕ್ಲಚ್ ಪ್ಲೇಟಿಗೆ ಬೀಳುತ್ತದೆ. ಗೇರ್‌ಬಾಕ್ಸನ್ನು ಜ್ಯಾಕಿಗೆ ಪಟ್ಟಿಯಿಂದ ಬಿಗಿದು ಮೇಲೆತ್ತಿ. ಎಂಜಿನ್ ಎಷ್ಟು ಓರೆಯಾಗಿದೆಯೋ ಗೇರ್‌ಬಾಕ್ಸೂ ಅಷ್ಟೇ ಓರೆಯಾಗಿರಬೇಕು. ಎರಡರ ನಡುವಿನ ಸಂದು ಮೇಲೆ, ಕೆಳಗೆ, ಎಡಬಲಗಳಲ್ಲಿ ಒಂದೇ ಅಗಲವಿದೆಯೇ ಎಂದು ಅಳೆದು ನೋಡಿ. ಸುಮಾರು 40 ಕಿಲೋ ತೂಗುವ ಪೆಟ್ಟಿಗೆ ಕ್ಷಣಮಾತ್ರವೂ ಇನ್‌ಪುಟ್ ಶಾಫ್ಟಿನ ಮೇಲೆ ಜೋತುಬೀಳಕೂಡದು. ಬಿದ್ದರೆ ಕ್ಲಚ್ ಪ್ಲೇಟಿನ ನಡುಭಾಗ ಬಾಗಿ, ಮುಂದೆ ಕ್ಲಚ್ ಪೂರ್ತಿ ಬಿಡಿಸಿಕೊಳ್ಳದೆ ಕಾಡುತ್ತದೆ. ಶಾಫ್ಟಿನ ಹಲ್ಲುಗಳು ಕ್ಲಚ್ ಪ್ಲೇಟಿನ ಹಲ್ಲುಗಳಿಗೆ ಹೊಂದದೆ ಪೆಟ್ಟಿಗೆ ನಡುವೆಯೇ ನಿಂತರೆ, ನಾಲ್ಕನೇ ಗೇರಿಗೆ ಹಾಕಿ, ಆ್ಯಕ್ಸಲ್ ಕೂಡುವ ಒಂದು ಬದಿಯ ಫ್ಲ್ಯಾಂಜನ್ನು ಒಬ್ಬರು ಅಲುಗದಂತೆ ಹಿಡಿದು ಇನ್ನೊಂದನ್ನು ನಿಧಾನವಾಗಿ ತಿರುಗಿಸಿ. ಒಂದನ್ನು ಹಿಡಿಯದಿದ್ದರೆ, ಎರಡು ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಕಾರಣದಿಂದ ಅದು ಹಿಮ್ಮುಖವಾಗಿ ತಿರುಗುತ್ತದೆಯೇ ಹೊರತು ಶಾಫ್ಟ್ ತಿರುಗುವುದಿಲ್ಲ. ಹಲ್ಲುಗಳು ಹೊಂದಿದ ಕೂಡಲೇ ಪೆಟ್ಟಿಗೆ ಕೈಯ ಒತ್ತಿಗೇ ಒಳಜಾರುತ್ತದೆ. ಆಗಲೂ ಬೆರಳಗಲದ ಸಂದು ಉಳಿದಿದ್ದರೆ ಉದ್ದ ಬೋಲ್ಟ್ ಹಾಕಿ ಎಳೆಯುವ ಅಡ್ಡದಾರಿಯನ್ನು ಹಿಡಿಯಬೇಡಿ. ಗೆಳೆಯರೊಬ್ಬರು ಹಾಗೆ ಎಳೆದು ಕ್ಲಚ್ಚನ್ನು ಸುತ್ತುವರಿದ ಕವಚವಾದ ಬೆಲ್‌ಹೌಸಿಂಗಿನ, ಬೋಲ್ಟ್ ಕೂರುವ ಕಿವಿಯನ್ನೇ ಮುರಿದುಕೊಂಡರು. ಹಿಂದಕ್ಕೆಳೆದು, ಓರೆಯನ್ನು ಸರಿಪಡಿಸಿ, ಮತ್ತೆ ತಳ್ಳಿ. ಐದಾರು ಸಲ ಹೀಗಾದರೂ ಅಚ್ಚರಿಯಿಲ್ಲ. ಸಂದು ಪೂರ್ತಿ ಮುಚ್ಚಿದ ಮೇಲೆ ಬೋಲ್ಟ್‌ಗಳನ್ನು 30 ನ್ಯೂಟನ್ ಮೀಟರ್‌ಗೆ ಬಿಗಿಯಿರಿ.

ಮಿಕ್ಕದ್ದನ್ನು ಬಿಚ್ಚಿದ ಕ್ರಮಕ್ಕೆ ವಿರುದ್ಧವಾಗಿ ಕೂಡಿಸಿ. ಅರ್ಥ್ ಪಟ್ಟಿ ಮರೆತರೆ ಸ್ಟಾರ್ಟರಿನ ಭಾರೀ ಕರೆಂಟು ಆಕ್ಸಿಲರೇಟರ್ ಕೇಬಲಿನಂಥ ತೆಳು ದಾರಿ ಹುಡುಕಿಕೊಂಡು ಅದನ್ನು ಸುಡಬಹುದು. ಸಿ.ವಿ. ಬೋಲ್ಟ್‌ಗಳಿಗೆ 45 ನ್ಯೂಟನ್ ಮೀಟರ್.

ಗೇರ್‌ಬಾಕ್ಸಿನ ಎಣ್ಣೆ ಜಿ.ಎಲ್.-4 ದರ್ಜೆಯದೇ ಆಗಬೇಕು. ಅಂಗಡಿಯಾತ ಜಿ.ಎಲ್.-5 ಇನ್ನೂ ಮೇಲ್ದರ್ಜೆಯದು ಎಂದರೆ ಒಪ್ಪಬೇಡಿ. ಅದು ಡಿಫರೆನ್ಷಿಯಲ್ ಹಲ್ಲುಗಳಿಗೆ ಒಳ್ಳೆಯದೇ ಇರಬಹುದು, ಸಿಂಕ್ರೊ ರಿಂಗ್‌ಗಳಿಗೆ ಬೇಕಾದ ಘರ್ಷಣೆಯನ್ನು ಕಡಿಮೆ ಮಾಡುತ್ತದೆ. ತುಂಬುವ ಪ್ಲಗ್ಗನ್ನು ಪೆಟ್ಟಿಗೆ ಇನ್ನೂ ನೆಲದ ಮೇಲಿರುವಾಗಲೇ 17 ಮಿಲಿಮೀಟರ್ ಅಲೆನ್ ಕೀಯಿಂದ ಒಮ್ಮೆ ಸಡಿಲಿಸಿಟ್ಟುಕೊಂಡಿದ್ದರೆ ಈಗ ಗಾಡಿಯಡಿ ಮಲಗಿ ಒದ್ದಾಡಬೇಕಿಲ್ಲ. ಸುಮಾರು ಮೂರೂವರೆ ಲೀಟರ್ ಹಿಡಿಸುತ್ತದೆ. ಮೊದಲ ನೂರು ಮೈಲಿ ಓಡಿಸಿ ಬಂದು, ಆ ಹನ್ನೆರಡೂ ಸಿ.ವಿ. ಬೋಲ್ಟ್‌ಗಳಿಗೆ ಟಾರ್ಕ್ ರೆಂಚ್ ಇನ್ನೊಮ್ಮೆ ಹಾಕಿ ನೋಡಿ. ಒಂದೆರಡಾದರೂ ಕಾಲು ಸುತ್ತು ತಿರುಗುತ್ತವೆ.