ಚಹಾ ಕುಡಿಯುವ ಮೊದಲು ಕುಶನ್ ಎತ್ತಿ ನೋಡಿ

ಜೂನ್ ಬಂತೆಂದರೆ ಹೊಸದಾಗಿ ಬ್ರಿಟನ್ನಿಗೆ ಬಂದ ನಮ್ಮವರಲ್ಲಿ ಒಬ್ಬರಾದರೂ ಫೋನ್ ಮಾಡುತ್ತಾರೆ. "ಅಕ್ಕಾ, ಸೆಕೆಂಡ್ ಹ್ಯಾಂಡ್ ಕ್ಯಾರವಾನ್ ಒಂದು ನೋಡ್ತಿದ್ದೀವಿ, ಏನೇನು ಗಮನಿಸ್ಬೇಕು?" ಇಂಗ್ಲೆಂಡಿನ ಶಾಲೆಗಳಿಗೆ ಜುಲೈ ಕೊನೆಯಿಂದ ಆರು ವಾರ ರಜೆ. ಆ ದಿನಗಳಲ್ಲಿ ಹೋಟೆಲಿನ ದರ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ರಜೆ ಕಳೆಯಲು ಮಕ್ಕಳಿಗೆ ಅಜ್ಜಿ ಮನೆ ಹತ್ತಿರದಲ್ಲಿಲ್ಲ. ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಚಕ್ರದ ಮೇಲಿನ ಪುಟ್ಟ ಮನೆ ಈ ಕ್ಯಾರವಾನ್. ಅದರ ಆಸೆ ಹುಟ್ಟುವುದು ಸಹಜ, ನಮಗೂ ಹಾಗೇ ಹುಟ್ಟಿತು. ಫೋನಿನಲ್ಲಿ ಅರ್ಧಂಬರ್ಧ ಹೇಳುವುದಕ್ಕಿಂತ, ನಾವು ಮಾಡಿದ ತಪ್ಪನ್ನು ಒಮ್ಮೆ ಪೂರ್ತಿ ಬರೆದುಬಿಡುತ್ತೇನೆ.

ಏಪ್ರಿಲ್ ತಿಂಗಳ ಒಂದು ಭಾನುವಾರ ಜಾಹೀರಾತು ನೋಡಿಕೊಂಡು ಹೋದೆವು. ವಯಸ್ಸಾದ ದಂಪತಿ, ಒಳ್ಳೆಯ ಜನ. ಬಂದ ಕೂಡಲೇ ಚಹಾ, ಬಿಸ್ಕತ್ತು ಕೊಟ್ಟರು. ಅಂಗಳದಲ್ಲಿ ಆರು ಬರ್ತಿನ ಕ್ಯಾರವಾನ್ ತೊಳೆದು ನಿಲ್ಲಿಸಿದ್ದರು. ಕಿಟಕಿಗಳೆಲ್ಲ ತೆರೆದಿದ್ದವು, ಒಳಗೆ ನಿಂಬೆಯ ಪರಿಮಳ. ಹಳದಿ ಹೂವಿನ ಪರದೆ, ಪುಟ್ಟ ಒಲೆ, ಪುಟ್ಟ ಸಿಂಕು. ಮುಂದಿನ ಸೀಟಿನ ಮೇಲೆ ಕೂತು ನಾನು ಆಗಲೇ ಸಂಸಾರ ಹೂಡಿಬಿಟ್ಟೆ: ಮಕ್ಕಳು ಮೇಲಿನ ಬಂಕಿನಲ್ಲಿ, ಬೇಸಿಗೆಗೆ ಬರುವ ಅಪ್ಪ ಅಮ್ಮ ಇಲ್ಲಿ, ಕಿಟಕಿಯ ಪಕ್ಕ. ಕುಶನ್ ಎತ್ತಿ ಅದರ ಹಿಂದಿನ ಗೋಡೆ ನೋಡಬೇಕು ಎಂದು ಎಲ್ಲೋ ಓದಿದ್ದೆ. ಕೈ ಅಲ್ಲಿಯವರೆಗೆ ಹೋಗಿ ವಾಪಸ್ ಬಂತು. ಅವರ ಮನೆಯ ಚಹಾ ಕುಡಿದು, ಅವರ ಎದುರಿಗೇ ಅವರ ಹಾಸಿಗೆ ಎತ್ತಿ ಮೂಲೆ ತಡಕುವುದು ಹೇಗೆ? ನಮ್ಮನ್ನು ಬೆಳೆಸಿದ್ದೇ ಹಾಗೆ. ಆ ದಾಕ್ಷಿಣ್ಯದಲ್ಲೇ 4,500 ಪೌಂಡ್ ಕೊಟ್ಟು ಬಂದೆವು.

ಆಗಸ್ಟಿನಲ್ಲಿ ಅಪ್ಪ ಅಮ್ಮ ಬಂದರು. ಪಶ್ಚಿಮ ವೇಲ್ಸಿನ ಪೆಂಬ್ರೋಕ್‌ಶೈರ್ ಕರಾವಳಿಗೆ ಹೋದೆವು. ಎರಡು ದಿನ ಬಿಡದೆ ಮಳೆ. ಮುಂಗಡೆಯ ಹಾಸಿಗೆಯಲ್ಲಿ ಅಪ್ಪ, ಕಿಟಕಿಯ ಕಡೆಗೆ ತಲೆ. ಮೂರನೇ ದಿನ ಬೆಳಿಗ್ಗೆ ಅವರ ಶಾಲು ಮಡಿಸಲು ಹೋದರೆ ಒಂದು ಅಂಚು ಒದ್ದೆ, ಹಿಂಡಿದರೆ ನೀರು ಬರುವಷ್ಟು. "ಏನಪ್ಪಾ ಇದು, ರಾತ್ರಿ ಯಾಕೆ ಎಬ್ಬಿಸಲಿಲ್ಲ?" ಎಂದೆ. "ಸ್ವಲ್ಪ ಥಂಡಿ ಅಷ್ಟೇ ಕಣಮ್ಮ. ನೀವು ಇಷ್ಟು ಆಸೆಪಟ್ಟು ತಗೊಂಡಿದ್ದೀರಿ" ಎಂದರು. ಎರಡು ರಾತ್ರಿ ಅವರು ಒದ್ದೆ ಗೋಡೆಗೆ ಬೆನ್ನು ಕೊಟ್ಟು ಮಲಗಿದ್ದರು. ಕುಶನ್ ತೆಗೆದು ಕಿಟಕಿಯ ಕೆಳಗಿನ ಮೂಲೆಯನ್ನು ಒತ್ತಿದೆ. ಹೊರಗೆ ನುಣ್ಣಗೆ ಕಾಣುತ್ತಿದ್ದ ಗೋಡೆಕಾಗದದ ಹಿಂದೆ ಹೆಬ್ಬೆರಳು ಗೆಣ್ಣಿನವರೆಗೆ ಇಳಿಯಿತು. ಒಳಗಿನ ಪ್ಲೈವುಡ್ ನೆನೆದ ರೊಟ್ಟಿನ ಹಾಗೆ ಪದರಪದರವಾಗಿ ಬಿಟ್ಟುಕೊಂಡಿತ್ತು, ಅದರ ಮೇಲೆ ಕಪ್ಪು ಬೂಷ್ಟು. ಏಪ್ರಿಲ್‌ನಲ್ಲಿ ನಿಂಬೆಯ ಪರಿಮಳ ಮುಚ್ಚಿದ್ದ ಮುಗ್ಗಲು ವಾಸನೆ ಆಗ ಮೂಗಿಗೆ ಬಡಿಯಿತು.

ಇದು ಒಂದೇ ಮಳೆಗೆ ಆಗುವ ಕೆಲಸವಲ್ಲ. ಕ್ಯಾರವಾನಿನ ಗೋಡೆ ಎಂದರೆ ಹೊರಗೆ ತೆಳುವಾದ ಅಲ್ಯೂಮಿನಿಯಂ ಅಥವಾ ಫೈಬರ್ ಹಾಳೆ, ನಡುವೆ ಫೋಮ್, ಒಳಗೆ ತೆಳು ಪ್ಲೈ. ಹಳೆಯವುಗಳಲ್ಲಿ ಚೌಕಟ್ಟು ಮರದ್ದು. ಹಾಳೆಗಳು ಸೇರುವ ಕಡೆ, ಕಿಟಕಿ, ದೀಪ, ಹಿಡಿಕೆ ಕೂರಿಸಿದ ಕಡೆ ನೀರು ಒಳಹೋಗದಂತೆ ತುಂಬಿದ ಅಂಟು, ಸೀಲಂಟ್, ಇರುತ್ತದೆ. ವರ್ಷಗಳು ಕಳೆದಂತೆ ಅದು ಒಣಗಿ ಬಿರಿಯುತ್ತದೆ, ರಸ್ತೆಯ ಕುಲುಕಾಟಕ್ಕೆ ಇನ್ನಷ್ಟು ಬಿಡುತ್ತದೆ. ಕೂದಲೆಳೆಯಷ್ಟು ಬಿರುಕಿನಿಂದ ಒಳಹೊಕ್ಕ ನೀರಿಗೆ ಹೊರಬರುವ ದಾರಿಯಿಲ್ಲ. ಕಣ್ಣಿಗೆ ಕಾಣುವ ಹೊತ್ತಿಗೆ ಚೌಕಟ್ಟು ಕೊಳೆತಿರುತ್ತದೆ. ನಮಗೆ ರಿಪೇರಿಯವರು ಹೇಳಿದ ಮೊತ್ತ ಗಾಡಿ ಕೊಂಡ ಬೆಲೆಗಿಂತ ಹೆಚ್ಚು.

ಆದ್ದರಿಂದ ಮೊದಲು ತೇವ ನೋಡಿ, ಉಳಿದದ್ದೆಲ್ಲ ಆಮೇಲೆ. ಗಾಡಿ ನೋಡಲು ಹೋಗುವ ಮುನ್ನ "ಕಿಟಕಿ ಬಾಗಿಲು ಮುಚ್ಚಿಟ್ಟಿರಿ" ಎಂದು ಹೇಳಿ. ನೀವೇ ಬಾಗಿಲು ತೆಗೆದು ಮೊದಲ ಉಸಿರು ಎಳೆದುಕೊಳ್ಳಿ. ಮಳೆ ಬಂದ ಮರುದಿನ ಹೋದರೆ ಇನ್ನೂ ಒಳ್ಳೆಯದು. ಕುಶನ್‌ಗಳನ್ನೆಲ್ಲ ಎತ್ತಿ, ಸೀಟಿನ ಕೆಳಗಿನ ಪೆಟ್ಟಿಗೆಗಳನ್ನು ಖಾಲಿ ಮಾಡಿಸಿ, ಟಾರ್ಚ್ ಹಿಡಿದು ಮೂಲೆಗಳಿಗೆ ಕೈ ಹಾಕಿ. ಮುಂದಿನ ದೊಡ್ಡ ಕಿಟಕಿಯ ಕೆಳಮೂಲೆ, ಹಿಂಬದಿಯ ದೀಪಗಳ ಒಳಭಾಗ, ಛಾವಣಿಯ ಕಿಟಕಿಯ ಸುತ್ತ, ಓವರ್‌ಹೆಡ್ ಲಾಕರ್‌ನ ಒಳಮೂಲೆ, ಇವು ಮೊದಲು ಸೋರುವ ಜಾಗಗಳು. ಗೋಡೆಕಾಗದದಲ್ಲಿ ಸುಕ್ಕು, ಕಲೆ, ಒಂದೇ ಕಡೆ ಹೊಸದಾಗಿ ಬಳಿದ ಸೀಲಂಟ್ ಕಂಡರೆ ಕಾರಣ ಕೇಳಿ. ಚಪ್ಪಲಿ ಬಿಚ್ಚಿ ನೆಲದ ಮೇಲೆ ನಿಧಾನ ನಡೆಯಿರಿ. ಬಾಗಿಲ ಹತ್ತಿರ, ಒಲೆಯ ಮುಂದೆ ಹಿಮ್ಮಡಿಗೆ ಮೆತ್ತಗೆ ತಗುಲಿದರೆ, ಕಿರ್ರೆಂದರೆ, ನೆಲದ ಪದರಗಳು ಬಿಟ್ಟಿರಬಹುದು.

ಜೊತೆಗೆ ಡ್ಯಾಂಪ್ ಮೀಟರ್ ಒಯ್ಯಿರಿ. ಎರಡು ಸೂಜಿಗಳನ್ನು ಗೋಡೆಗೆ ಒತ್ತಿದರೆ ತೇವದ ಶೇಕಡಾ ತೋರಿಸುತ್ತದೆ. ಮಾಮೂಲಿ ಲೆಕ್ಕದಲ್ಲಿ 15ರ ಒಳಗಿದ್ದರೆ ಚಿಂತೆಯಿಲ್ಲ, 15ರಿಂದ 20 ಇದ್ದರೆ ಕಣ್ಣಿಡಬೇಕು, 20 ದಾಟಿದರೆ ನೀರು ಬರುತ್ತಿದೆ ಎಂದು ಅರ್ಥ, 30 ದಾಟಿದರೆ ಒಳಗೆ ಹಾಳಾಗಿರುವ ಸಾಧ್ಯತೆ ಹೆಚ್ಚು. ನಮ್ಮ ಆ ಮೂಲೆಯಲ್ಲಿ ಇಟ್ಟಾಗ ಸಂಖ್ಯೆ 40ರ ಮೇಲೆ ನಿಂತಿತ್ತು. ಇನ್ನೊಂದು ಮಾತು. "ನೋಡಬಹುದಾ?" ಎಂದು ಕೇಳಿದ್ದಕ್ಕೆ ಇಲ್ಲಿ ಯಾರೂ ಮುಖ ಸಿಂಡರಿಸುವುದಿಲ್ಲ. ಗಾಡಿ ಕೊಳ್ಳುವವರು ಮಂಡಿಯೂರಿ ನೋಡುವುದು ಇಲ್ಲಿ ರೂಢಿ. ಅಲ್ಲಿ ಸಂಕೋಚಪಟ್ಟವಳು ನಾನೊಬ್ಬಳೇ. ಚಹಾ ಕೊಟ್ಟರೆ ನೋಡಿದ ಮೇಲೆ ಕುಡಿಯಿರಿ.

ತೂಕದ ವಿಷಯದಲ್ಲೂ ನಾವು ಎಡವಿದ್ದೆವು. ನಮ್ಮ ಕಾರು ಸುಮಾರು 1,400 ಕೆ.ಜಿ. ಆ ಕ್ಯಾರವಾನ್ ತುಂಬಿದಾಗ ಇರಬಹುದಾದ ಗರಿಷ್ಠ ತೂಕ, ಅದರ ಫಲಕದಲ್ಲಿ ಎಂಟಿಪಿಎಲ್‌ಎಂ ಎಂದು ಬರೆದಿರುವುದು, 1,450. ಇಲ್ಲಿನ ಕ್ಯಾರವಾನ್ ಕ್ಲಬ್ಬುಗಳು ಹೊಸಬರಿಗೆ ಕೊಡುವ ಸಲಹೆ, ಕ್ಯಾರವಾನಿನ ತೂಕ ಕಾರಿನ ತೂಕದ ಶೇಕಡಾ 85 ದಾಟಬಾರದು ಎಂದು. ನಮ್ಮ ಕಾರಿಗೆ ಅದು 1,190 ಆಗುತ್ತದೆ. ನಮಗೆ ಈ ಲೆಕ್ಕವೇ ಗೊತ್ತಿರಲಿಲ್ಲ. ಅಪ್ಪ ಅಮ್ಮ ಬರುವ ಮೊದಲೊಮ್ಮೆ ಎಂ5 ಮೋಟರ್‌ವೇಯಲ್ಲಿ ಇಳಿಜಾರಿನಲ್ಲಿ ದೊಡ್ಡ ಲಾರಿಯೊಂದು ಪಕ್ಕದಿಂದ ಮುಂದೆ ಹೋಯಿತು, ಅದರ ಗಾಳಿಗೆ ಹಿಂದಿನ ಗಾಡಿ ಬಾಲ ಬೀಸತೊಡಗಿತು. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಪ್ರತಿ ಸಲವೂ ಇನ್ನಷ್ಟು ಜೋರಾಗಿ. ಹಿಂದಿನ ಸೀಟಿನಲ್ಲಿ ಮಕ್ಕಳು. ನಮ್ಮನೆಯವರು ಆಕ್ಸಲರೇಟರ್‌ನಿಂದ ಕಾಲು ತೆಗೆದು, ಬ್ರೇಕ್ ಮುಟ್ಟದೆ, ಸ್ಟಿಯರಿಂಗ್ ನೇರ ಹಿಡಿದುಕೊಂಡರು. ಅದು ಸರಿಯಾದ ಕ್ರಮ ಎಂದು ಆಮೇಲೆ ತಿಳಿಯಿತು. ಆ ಹತ್ತು ಸೆಕೆಂಡು ಈಗಲೂ ನನ್ನ ನಿದ್ದೆಯಲ್ಲಿ ಬರುತ್ತದೆ.

ಆದ್ದರಿಂದ ಕ್ಯಾರವಾನ್ ಹುಡುಕುವ ಮೊದಲು ನಿಮ್ಮ ಕಾರಿನ ನೋಂದಣಿ ಪತ್ರ, ವಿ5ಸಿ, ತೆಗೆದು ಒ.1 (O.1) ಎಂಬ ಸಾಲು ನೋಡಿ. ಬ್ರೇಕ್ ಇರುವ ಎಷ್ಟು ತೂಕದ ಟ್ರೇಲರನ್ನು ಆ ಕಾರು ಎಳೆಯಬಹುದು ಎಂಬುದು ಅಲ್ಲಿರುತ್ತದೆ. ಖಾಲಿ ಇದ್ದರೆ ಕಾರಿನ ಕೈಪಿಡಿ ನೋಡಿ. ಎಳೆಯಲು ಅನುಮತಿಯೇ ಇಲ್ಲದ ಹೈಬ್ರಿಡ್, ಎಲೆಕ್ಟ್ರಿಕ್ ಕಾರುಗಳೂ ಇವೆ. ಗಾಡಿ ಸಿಕ್ಕಿಸಲು ಕಾರಿನ ಹಿಂದಿರುವ ಕೊಂಡಿ, ಅಂದರೆ ಟೋಬಾರಿನ ಮೇಲೆ ಕೂರುವ ಭಾರ ತುಂಬಿದ ಗಾಡಿಯ ತೂಕದ ಶೇಕಡಾ 5ರಿಂದ 7 ಇರಲಿ, ಆದರೆ ಟೋಬಾರಿನ ಮಿತಿ ಮೀರಬಾರದು. ಇನ್ನು ಖಾಲಿ ಗಾಡಿಯ ತೂಕಕ್ಕೂ ಗರಿಷ್ಠ ತೂಕಕ್ಕೂ ನಡುವಿನ ಅಂತರವೇ ನೀವು ಹೇರಬಹುದಾದ ಸಾಮಾನು. ಅದು ಎಷ್ಟೋ ಗಾಡಿಗಳಲ್ಲಿ 150 ಕೆ.ಜಿ. ಆಸುಪಾಸು ಮಾತ್ರ. ಅಕ್ಕಿ, ಬೇಳೆ, ಕುಕ್ಕರ್, ಮಿಕ್ಸಿ, ಆರು ಜನರ ಕಂಬಳಿ ಎಂದು ಮನೆಯನ್ನೇ ಕಟ್ಟಿಕೊಂಡು ಹೊರಡುವ ನಮಗೆ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಭಾರದ್ದೆಲ್ಲ ನೆಲದ ಮೇಲೆ, ಆಕ್ಸಲ್ ಹತ್ತಿರ ಇಡಿ, ಹಿಂಬದಿಗೆ ತುಂಬಬೇಡಿ.

ಆರು ಬರ್ತ್ ಎಂಬ ಮಾತಿಗೂ ಮರುಳಾಗಬೇಡಿ. ಓಡುವ ಕ್ಯಾರವಾನಿನಲ್ಲಿ ಯಾರೂ ಕೂರುವಂತಿಲ್ಲ. ನಮ್ಮ ಕಾರಿನಲ್ಲಿ ಐದೇ ಸೀಟು, ಮನೆಯಲ್ಲಿ ಆರು ಜನ. ಆ ಬೇಸಿಗೆ ನಾನೂ ಮಗಳೂ ರೈಲಿನಲ್ಲಿ ಹೋದೆವು. ಆ ಆರರಲ್ಲಿ ನಿಜವಾದ ಹಾಸಿಗೆ ಎರಡೋ ಮೂರೋ, ಉಳಿದವು ಊಟದ ಮೇಜು ಮಡಿಸಿ ದಿನಾ ರಾತ್ರಿ ಜೋಡಿಸಬೇಕಾದವು. ಮಕ್ಕಳಿಗೆ ಜೋಡಿಸುವ ಕೆಲಸವಿಲ್ಲದ ಬಂಕ್ ಇರುವುದನ್ನೇ ಹುಡುಕಿ. ಮಳೆಯ ದಿನ ಆ ಪುಟ್ಟ ಗೂಡೇ ಅವರ ಕೋಣೆ. ಹಿರಿಯರು ಬರುವವರಿದ್ದರೆ ಅವರ ಹಾಸಿಗೆಯಿಂದ ಟಾಯ್ಲೆಟ್‌ವರೆಗಿನ ದಾರಿಯನ್ನು ಕಣ್ಣುಮುಚ್ಚಿ ನಡೆದು ನೋಡಿ. ರಾತ್ರಿ ಎರಡು ಗಂಟೆಗೆ ಯಾರ ಕಾಲನ್ನೂ ದಾಟದೆ ಹೋಗಲು ಆಗಬೇಕು. ಅಪ್ಪ ಮಕ್ಕಳ ನಿದ್ದೆ ಕೆಡುತ್ತದೆಂದು ಸಂಜೆ ಆರರ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಇದನ್ನು ಅಮ್ಮ ನನಗೆ ಹೇಳಿದ್ದು ಬಹಳ ದಿನದ ಮೇಲೆ.

ಕಾಗದಪತ್ರದ ಕೆಲಸ ಬೇಗ ಮುಗಿಯುತ್ತದೆ. ಕ್ಯಾರವಾನಿಗೆ ಕಾರಿಗಿರುವ ವಾರ್ಷಿಕ ತಪಾಸಣೆ, ಎಂಒಟಿ, ಇಲ್ಲ, ರಸ್ತೆ ತೆರಿಗೆ ಇಲ್ಲ, ಕಾರಿನ ಹಾಗೆ ವಿ5ಸಿಯೂ ಇಲ್ಲ. 1992ರಿಂದ ಇಲ್ಲಿ ತಯಾರಾದವು ಕ್ರಿಸ್ ಎಂಬ ನೋಂದಣಿಯಲ್ಲಿರುತ್ತವೆ. ಕಿಟಕಿಯ ಗಾಜಿನ ಮೇಲೆ ಕೆತ್ತಿದ 17 ಅಕ್ಷರ ಅಂಕಿಗಳ ಸಂಖ್ಯೆ ಚಾಸಿಯ ಸಂಖ್ಯೆಗೂ ಕ್ರಿಸ್ ಪತ್ರಕ್ಕೂ ತಾಳೆಯಾಗಬೇಕು, ಪತ್ರದಲ್ಲಿರುವ ವಿಳಾಸದಲ್ಲೇ ಗಾಡಿ ನೋಡಬೇಕು. ಸಾಲ, ಕಳವು ಪರಿಶೀಲನೆಗೆ ಸ್ವಲ್ಪ ಹಣ ಕಟ್ಟಿ. ಕಾರು ಓಡಿಸುವ ಸಾಮಾನ್ಯ ಬ್ರಿಟಿಷ್ ಬಿ ಲೈಸೆನ್ಸ್ ಇದ್ದರೆ 2021ರ ಡಿಸೆಂಬರ್‌ನಿಂದ 3,500 ಕೆ.ಜಿ.ವರೆಗೆ ಎಳೆಯಬಹುದು. ವೇಗದ ಮಿತಿ ನಡುವೆ ವಿಭಜಕವಿಲ್ಲದ ರಸ್ತೆಯಲ್ಲಿ ಗಂಟೆಗೆ 50 ಮೈಲಿ, ಮೋಟರ್‌ವೇಯಲ್ಲಿ 60. ಟೈರಿನ ಗೆರೆ ನೋಡಿ ನಂಬಬೇಡಿ, ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿ ನೋಡಿ. 2319 ಎಂದಿದ್ದರೆ 2019ರ 23ನೇ ವಾರದ್ದು. ಐದು ವರ್ಷ ದಾಟಿದ್ದರೆ ಹೊಸ ಟೈರಿನ ಖರ್ಚು ಬೆಲೆಯಲ್ಲಿ ಕಳೆಯಲು ಕೇಳಿ.

ಎಲ್ಲಿ ಹುಡುಕಬೇಕು? ವ್ಯಾಪಾರಿಯ ಹತ್ತಿರ ಬೆಲೆ ಹೆಚ್ಚು, ಆದರೆ 2015ರ ಗ್ರಾಹಕ ಹಕ್ಕುಗಳ ಕಾಯ್ದೆ ಬೆನ್ನಿಗಿರುತ್ತದೆ. ದೋಷವಿದ್ದರೆ 30 ದಿನದೊಳಗೆ ತಿರುಗಿಸಬಹುದು. ಖಾಸಗಿಯವರಿಂದ ಕೊಂಡರೆ ನೋಡಿಕೊಳ್ಳುವ ಹೊಣೆ ನಿಮ್ಮದೇ. ಹಾಗೆ ಕೊಳ್ಳುವುದಾದರೆ ಮೊಬೈಲ್ ಕ್ಯಾರವಾನ್ ಎಂಜಿನಿಯರ್ ಒಬ್ಬರಿಗೆ ಹಣ ಕೊಟ್ಟು ತೋರಿಸಿ, ಅವರು ಗ್ಯಾಸನ್ನೂ ನೋಡುತ್ತಾರೆ. ಪ್ರತಿ ವರ್ಷ ಸರ್ವೀಸ್ ಮಾಡಿಸಿ ತೇವದ ವರದಿ ಜೋಪಾನವಾಗಿಟ್ಟ ಮಾಲೀಕರು ಸಿಕ್ಕರೆ ಗಾಡಿ ಹಳೆಯದಾದರೂ ಅದನ್ನೇ ಹಿಡಿಯಿರಿ. ವಸಂತದಲ್ಲಿ ಎಲ್ಲರೂ ಮುಗಿಬೀಳುತ್ತಾರೆ. ಚಳಿಗಾಲಕ್ಕೆ ಗಾಡಿ ಇಡುವ ತೊಂದರೆ ಬೇಡವೆಂದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮಾರುವವರ ಹತ್ತಿರ ಚೌಕಾಶಿ ನಡೆಯುತ್ತದೆ. ಆದರೆ ನೀವೆಲ್ಲಿ ಇಡುತ್ತೀರಿ? ಹೊಸ ಬಡಾವಣೆಗಳ ಎಷ್ಟೋ ಮನೆಪತ್ರಗಳಲ್ಲಿ ಕ್ಯಾರವಾನ್ ನಿಲ್ಲಿಸಬಾರದೆಂಬ ಷರತ್ತಿರುತ್ತದೆ. ಅದನ್ನು ಓದಿ, ಹತ್ತಿರದ ಸ್ಟೋರೇಜ್ ಬಾಡಿಗೆ ವಿಚಾರಿಸಿ, ಆಮೇಲೆ ಹೊರಡಿ.

ನಾವು ಎರಡನೆಯದನ್ನು ಒಂದು ಅಕ್ಟೋಬರ್‌ನಲ್ಲಿ ಕೊಂಡೆವು. ಚಿಕ್ಕದು, ನಾಲ್ಕು ಬರ್ತು, ಪರದೆ ಬಣ್ಣಗೆಟ್ಟಿದೆ, ಗೋಡೆ ಒಣಗಿದೆ. ಒಗ್ಗರಣೆ, ಕುಕ್ಕರ್ ಎಲ್ಲ ಹೊರಗೆ, ಗಾಡಿಯ ಬದಿಗೆ ಕಟ್ಟುವ ಬಟ್ಟೆಯ ಚಪ್ಪರದ (ಆನಿಂಗ್) ಕೆಳಗೆ. ಒಳಗೆ ಅನ್ನ ಮಾಡಿದರೆ ಆ ಹಬೆ ಗೋಡೆಗೇ ಹೋಗಿ ಕೂರುತ್ತದೆ. ಕ್ಲಬ್ಬಿನ ಸದಸ್ಯರಾದರೆ ಐದೇ ಗಾಡಿ ನಿಲ್ಲುವ ಪುಟ್ಟ ತಾಣಗಳು ಸಿಗುತ್ತವೆ, ರೈತರ ಹೊಲದ ಅಂಚಿನಲ್ಲಿ. ಅಲ್ಲಿ ರಾತ್ರಿ ದೀಪ ಆರಿಸಿದ ಮೇಲೆ ತೆಳು ಗೋಡೆಯ ಆಚೆಯಿಂದ ಮಕ್ಕಳು ಕಥೆ ಕೇಳುತ್ತಾರೆ, ಕನ್ನಡದಲ್ಲೇ. ಮನೆಯಲ್ಲಿ ಇಂಗ್ಲಿಷಿನಲ್ಲಿ ಉತ್ತರಿಸುವ ಮಗ ಅಲ್ಲಿ "ಆಮೇಲೆ ಏನಾಯ್ತು ಅಮ್ಮ?" ಎನ್ನುತ್ತಾನೆ. ಆ ಕಥೆಗಳನ್ನು ಅವರಿಗೆ ಮೊದಲು ಹೇಳಿದ್ದು ಅಪ್ಪ, ಪೆಂಬ್ರೋಕ್‌ಶೈರ್‌ನ ಆ ಒದ್ದೆ ಹಾಸಿಗೆಯ ಮೇಲೆ ಕೂತು. ಈ ಗಾಡಿಯನ್ನು ಅವರು ವಿಡಿಯೋ ಕಾಲಿನಲ್ಲಿ ಮಾತ್ರ ನೋಡಿದರು. "ಗೋಡೆ ಮುಟ್ಟಿ ತೋರಿಸು" ಎಂದಿದ್ದರು, ಮುಟ್ಟಿ ತೋರಿಸಿದೆ. ಮುಂದಿನ ಬೇಸಿಗೆಗೆ ಅವರು ಇರಲಿಲ್ಲ.

ಡ್ಯಾಂಪ್ ಮೀಟರ್ ನಮ್ಮ ಮನೆಯಲ್ಲಿದೆ. ಗಾಡಿ ನೋಡಲು ಹೊರಡುವವರು ಹಿಂದಿನ ದಿನ ಒಂದು ಫೋನ್ ಮಾಡಿ ಬಂದು ಒಯ್ಯಿರಿ. ಶನಿವಾರವಾದರೆ ಜೊತೆಗೆ ನಾನೂ ಬರುತ್ತೇನೆ.