ಒಂದು ಪಿಕ್ಸೆಲ್, ಒಂದು ಗುಂಟೆ: ಮಾನಸಗಂಗೋತ್ರಿಯ ನಕ್ಷೆ ಮಾಡಿದ ನನ್ನ ಅನುಭವ

ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ ಕ್ಯಾಂಪಸ್ಸಿನಲ್ಲಿ ಓದುವಾಗ ದಿನಾ ಮರಗಳ ನೆರಳಲ್ಲೇ ಡಿಪಾರ್ಟ್‌ಮೆಂಟ್ ತನಕ ನಡೆದು ಹೋಗುತ್ತಿದ್ದೆ. ಇಲ್ಲಿ ಮರ ಎಷ್ಟಿದೆ, ಕಟ್ಟಡ ಎಷ್ಟು ಜಾಗ ಹಿಡಿದಿದೆ, ಇನ್ನೂ ಬಯಲಾಗಿ ಉಳಿದದ್ದೆಷ್ಟು ಅನ್ನುವ ಪ್ರಶ್ನೆ ಆಗಲೇ ತಲೆಯಲ್ಲಿ ಕೂತಿತ್ತು. ಕ್ಯಾಂಪಸ್ಸು 739 ಎಕರೆ ಅಂತ ಎಲ್ಲರೂ ಹೇಳುತ್ತಾರೆ. ಆ 739ರ ಒಳಗಿನ ಲೆಕ್ಕ ನನಗೆ ಬೇಕಿತ್ತು. ಬಯಲಿನ ಮೇಲೆ ಬಿದ್ದ ಮಳೆ ಇಂಗುತ್ತದೆ. ತಾರಸಿಯ ಮೇಲೆ ಬಿದ್ದದ್ದು ಹರಿದು ಹೋಗುತ್ತದೆ. ಮಗ್ಗುಲಲ್ಲೇ ಕುಕ್ಕರಹಳ್ಳಿ ಕೆರೆ ಇರುವಾಗ ಇದು ಸಣ್ಣ ವಿಷಯ ಅಲ್ಲ.

ಸೆಂಟಿನೆಲ್-2 ಉಪಗ್ರಹದ ಚಿತ್ರಗಳಿಂದ ಕೆಲಸ ಶುರು ಮಾಡಿದೆ. ಆ ಚಿತ್ರಗಳನ್ನು ಹಂಚುವ ಯುರೋಪಿನ ಕೋಪರ್ನಿಕಸ್ ತಾಣದಲ್ಲಿ ಒಂದು ಅಕೌಂಟ್ ಮಾಡಿಕೊಂಡರೆ ಸಾಕು, ಕಾಸು ಖರ್ಚಿಲ್ಲದೆ ಚಿತ್ರ ಸಿಗುತ್ತದೆ. ನೀಲಿ, ಹಸಿರು, ಕೆಂಪು, ನಿಯರ್ ಇನ್‌ಫ್ರಾರೆಡ್ (ಕಣ್ಣಿಗೆ ಕಾಣದ ಬೆಳಕು) ಈ ನಾಲ್ಕು ಬ್ಯಾಂಡುಗಳಲ್ಲಿ (ಬೆಳಕಿನ ಪಟ್ಟಿಗಳಲ್ಲಿ) ಒಂದು ಪಿಕ್ಸೆಲ್ ಅಂದರೆ ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲದ ಚೌಕ. 100 ಚದರ ಮೀಟರ್. ನಮ್ಮ ಗುಂಟೆ 33 ಅಡಿ ಉದ್ದ, 33 ಅಡಿ ಅಗಲ. ಚದರ ಮೀಟರಿಗೆ ತಿರುಗಿಸಿದರೆ 101 ಚಿಲ್ಲರೆ. ಹೆಚ್ಚುಕಡಿಮೆ ಎರಡೂ ಒಂದೇ! ಇದು ಹೊಳೆದ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ. ಫೋನಿನಲ್ಲಿ ಅಪ್ಪನಿಗೆ ವಿವರಿಸುವುದೂ ಸಲೀಸಾಯಿತು. 'ಮೇಲಿಂದ ಒಂದೊಂದು ಗುಂಟೆಗೂ ಒಂದೊಂದು ಬಣ್ಣ ಬರುತ್ತಪ್ಪ' ಅಂದೆ. ಪಹಣಿ ನೋಡಿ ಅಭ್ಯಾಸ ಇರುವವರಿಗೆ ಅಷ್ಟು ಸಾಕು. ಇಡೀ ಕ್ಯಾಂಪಸ್ಸು ಸುಮಾರು 30 ಸಾವಿರ ಪಿಕ್ಸೆಲ್ ಆಗುತ್ತದೆ.

ಚಿತ್ರ ಯಾವ ತಿಂಗಳದ್ದು ಅನ್ನುವುದು ತುಂಬಾ ಮುಖ್ಯ. ಮಳೆಗಾಲದಲ್ಲಿ ಮೈಸೂರಿನ ಮೇಲೆ ಮೋಡ ಜಾಸ್ತಿ, ಉಪಯೋಗಕ್ಕೆ ಬರುವ ಚಿತ್ರ ಸಿಗುವುದೇ ಕಷ್ಟ. ನಾನು ಮೊದಲು ಮಾರ್ಚ್ ತಿಂಗಳ ಒಂದೇ ಚಿತ್ರ ತೆಗೆದುಕೊಂಡೆ. ಕ್ಯೂಜಿಐಎಸ್ ಅನ್ನುವ, ನಕ್ಷೆ ಮಾಡುವ ಉಚಿತ ಸಾಫ್ಟ್‌ವೇರಿನಲ್ಲಿ ಅದನ್ನು ಹಾಕಿ, ಕ್ಯಾಂಪಸ್ಸಿನ ಗಡಿಗೆ ಸರಿಯಾಗಿ ಕತ್ತರಿಸಿಕೊಂಡೆ. ಮರ, ಹುಲ್ಲು-ಕುರುಚಲು, ಬರಿ ನೆಲ, ಕಟ್ಟಡ-ರಸ್ತೆ, ನೀರು ಅಂತ ಐದು ಗುಂಪು ಮಾಡಿದೆ. ಪ್ರತಿ ಗುಂಪಿಗೂ ಕೆಲವು ಮಾದರಿ ಜಾಗ ತೋರಿಸಿಕೊಟ್ಟೆ. ಉಳಿದದ್ದನ್ನು ಕಂಪ್ಯೂಟರ್ ತಾನೇ ವಿಂಗಡಿಸಿತು.

ನಕ್ಷೆ ನೋಡಲು ಚೆನ್ನಾಗಿತ್ತು. ಆದರೆ ನನಗೆ ಗೊತ್ತಿರುವ ಒಂದು ಆಟದ ಬಯಲು ಪೂರ್ತಿ ಕಟ್ಟಡದ ಬಣ್ಣದಲ್ಲಿತ್ತು. ಮಾರ್ಚಿನಲ್ಲಿ ಹುಲ್ಲು ಒಣಗಿ ಕೆಮ್ಮಣ್ಣು ಬಿರುಸಾಗಿ ನಿಂತಿರುತ್ತದೆ, ಅಲ್ವಾ? ಅದು ಬೆಳಕನ್ನು ವಾಪಸ್ ಕಳಿಸುವ ರೀತಿಗೂ ತಾರಸಿ, ಹೆಂಚಿನ ರೀತಿಗೂ ಹೆಚ್ಚು ವ್ಯತ್ಯಾಸ ಇರಲಿಲ್ಲ. ಮಾದರಿ ಜಾಗಗಳನ್ನು ಬದಲಿಸಿ ಬದಲಿಸಿ ನೋಡಿದೆ. ಸರಿಹೋಗಲಿಲ್ಲ.

ದಾರಿ ಸಿಕ್ಕಿದ್ದು ಎರಡನೇ ಚಿತ್ರದಲ್ಲಿ. ಮಳೆ ಮುಗಿದ ಮೇಲಿನ ಡಿಸೆಂಬರ್ ಚಿತ್ರವನ್ನೂ ಜೊತೆಗಿಟ್ಟೆ. ಮಳೆ ಬಿದ್ದ ಮೇಲೆ ಬಯಲು ಹಸಿರಾಗುತ್ತದೆ, ತಾರಸಿ ಹಸಿರಾಗುವುದಿಲ್ಲ. ಕಂಪ್ಯೂಟರಿಗೆ ಈ ಒಂದು ಸುಳಿವು ಸಾಕಾಯಿತು. ಹಸಿರು ಅಳೆಯಲು ಎನ್‌ಡಿವಿಐ ಅನ್ನುವ ಸರಳ ಲೆಕ್ಕ ಇದೆ. ನಿಯರ್ ಇನ್‌ಫ್ರಾರೆಡ್‌ನಿಂದ ಕೆಂಪನ್ನು ಕಳೆದು, ಬಂದದ್ದನ್ನು ಎರಡರ ಮೊತ್ತದಿಂದ ಭಾಗಿಸಬೇಕು. ಆರೋಗ್ಯವಾಗಿರುವ ಎಲೆ ಕೆಂಪು ಬೆಳಕನ್ನು ಹೀರಿಕೊಂಡು ಇನ್‌ಫ್ರಾರೆಡ್ಡನ್ನು ಜೋರಾಗಿ ಹಿಂದಕ್ಕೆ ಕಳಿಸುತ್ತದೆ. ಹಾಗಾಗಿ ಹಸಿರು ದಟ್ಟವಾದಷ್ಟೂ ಸಂಖ್ಯೆ 1ರ ಕಡೆ ಏರುತ್ತದೆ. ಎರಡೂ ತಿಂಗಳಲ್ಲಿ ಸಂಖ್ಯೆ ಮೇಲೇ ಇದ್ದರೆ ಮರ. ಡಿಸೆಂಬರಿನಲ್ಲಿ ಏರಿ ಮಾರ್ಚಿನಲ್ಲಿ ಇಳಿದರೆ ಹುಲ್ಲು. ಎರಡರಲ್ಲೂ ಕೆಳಗಿದ್ದರೆ ಹೆಚ್ಚಾಗಿ ಕಟ್ಟಡ ಅಥವಾ ರಸ್ತೆ. ಎಲೆ ಉದುರಿಸುವ ಮರಗಳು ಮಾತ್ರ ಹುಲ್ಲಿನ ಗುಂಪಿಗೆ ಹೋಗಿ ಸೇರಿಕೊಂಡವು. ಅವನ್ನು ಕೈಯಾರೆ ತಿದ್ದಿದೆ.

ಆಮೇಲೆ ನಕ್ಷೆ ಹಿಡಿದು ನಡೆದೆ. ಇದನ್ನು ಬಿಟ್ಟು ನಕ್ಷೆ ಮಾಡಬೇಡಿ ಅಂತ ಎಲ್ಲರಿಗೂ ಹೇಳುತ್ತೇನೆ. ಮರದಡಿ ಫೋನಿನ ಜಿಪಿಎಸ್ ಹಲವು ಮೀಟರ್ ಆಚೀಚೆ ತೋರಿಸುತ್ತದೆ. ಅಷ್ಟರಲ್ಲಿ ನೀವು ಪಕ್ಕದ ಪಿಕ್ಸೆಲ್ಲಿಗೆ ಹೋಗಿರುತ್ತೀರಿ. ಅದಕ್ಕೇ ಕನಿಷ್ಠ ಒಂಬತ್ತು ಗುಂಟೆ ಒಂದೇ ಥರ ಇರುವ ಜಾಗ ಹುಡುಕಿ, ಅದರ ನಟ್ಟನಡುವೆ ನಿಂತು ಗುರುತು ಹಾಕಿಕೊಳ್ಳಬೇಕು. ಇನ್ನೊಂದು ತಪ್ಪನ್ನೂ ಹೇಳಿಬಿಡುತ್ತೇನೆ. ಕಂಪ್ಯೂಟರಿಗೆ ಕಲಿಸಲು ಕೊಟ್ಟ ಜಾಗಗಳಲ್ಲೇ ನಕ್ಷೆ ಸರಿಯಾಗಿದೆಯಾ ಅಂತ ಪರೀಕ್ಷೆ ಮಾಡಿದ್ದೆ. ಫಲಿತಾಂಶ ಬಹಳ ಚೆನ್ನಾಗಿ ಬಂತು. ಬರಲೇಬೇಕಲ್ಲ, ಉತ್ತರ ಮೊದಲೇ ಕೊಟ್ಟಾಗಿತ್ತು. ಪರೀಕ್ಷೆಗೆ ಬೇರೆಯೇ ಜಾಗಗಳನ್ನು ಇಟ್ಟುಕೊಂಡಾಗ ನಿಜವಾದ ತಪ್ಪುಗಳು ಕಂಡವು.

ಹೀಗೆ ಗುರುತು ಹಾಕುತ್ತಾ ಒಂದು ಹುಲ್ಲಿನ ಬಯಲಲ್ಲಿ ನಿಂತಿದ್ದೆ. ಕುಡುಗೋಲು ಹಿಡಿದಿದ್ದ ಹಿರಿಯರೊಬ್ಬರು ಹತ್ತಿರ ಬಂದರು.

"ಏನವ್ವಾ, ಸರ್ವೆನಾ? ಇಲ್ಲೂ ಬಿಲ್ಡಿಂಗ್ ಬತ್ತದಾ?"

"ಇಲ್ಲ ತಾತ, ಎಲ್ಲೆಲ್ಲಿ ಏನೇನಿದೆ ಅಂತ ಬರ್ಕೋತಿದೀನಿ ಅಷ್ಟೆ. ಇಲ್ಲಿ ಹುಲ್ಲು ಅಂತ ಬರ್ದಿದೀನಿ."

"ಬರೀ ಹುಲ್ಲು ಅಂದ್ರೆ ಹೆಂಗವ್ವಾ? ನಮ್ಮ ಹಸುಗೆ ಮೇವು ಇದು."

ನಾನು ಅಷ್ಟು ದಿನ ಮಾಡಿದ್ದು ಭೂಬಳಕೆಯ ನಕ್ಷೆ ಅಂದುಕೊಂಡಿದ್ದೆ. ಅದು ನೆಲದ ಹೊದಿಕೆಯ ನಕ್ಷೆ ಆಗಿತ್ತು. ನೆಲದ ಮೇಲೆ ಏನಿದೆ ಅಂತ ಉಪಗ್ರಹ ಹೇಳುತ್ತದೆ. ಅದು ಯಾತಕ್ಕೆ ಬಳಕೆಯಾಗುತ್ತಿದೆ ಅಂತ ಹೇಳುವುದಿಲ್ಲ. 1905ರ ಜಯಲಕ್ಷ್ಮಿ ವಿಲಾಸ ಅರಮನೆಯೂ ಒಂದು ಹಾಸ್ಟೆಲ್ಲೂ ಮೇಲಿಂದ ನೋಡಿದರೆ ಎರಡು ಚಾವಣಿಗಳು, ಅಷ್ಟೆ. ಅರಮನೆಯೊಳಗೆ ಜಾನಪದ ವಸ್ತುಸಂಗ್ರಹಾಲಯ ಇದೆ ಅನ್ನುವುದು ಯಾವ ಬ್ಯಾಂಡಿನಲ್ಲೂ ಕಾಣುವುದಿಲ್ಲ. ರಸ್ತೆಗಳ ಕಥೆಯೂ ಹಾಗೇ. ಎರಡು ಬದಿಯ ಮರಗಳು ಮೇಲೆ ಒಂದನ್ನೊಂದು ಮುಟ್ಟುವ ಕಡೆಯಲ್ಲೆಲ್ಲ ನನ್ನ ನಕ್ಷೆಯಲ್ಲಿ ರಸ್ತೆಯೇ ಇರಲಿಲ್ಲ.

ಆದ್ದರಿಂದ ಕೆಲಸವನ್ನು ಎರಡು ಲೇಯರ್ (ಪದರ) ಮಾಡಿದೆ. ಹೊದಿಕೆಗೆ ಸೆಂಟಿನೆಲ್. ಬಳಕೆಗೆ ಕೈಯಲ್ಲೇ ಗೆರೆ. ಹೆಚ್ಚು ಸ್ಪಷ್ಟವಾಗಿ ಕಾಣುವ ಚಿತ್ರವನ್ನು ಹಿನ್ನೆಲೆಗಿಟ್ಟು ಪ್ರತಿ ಕಟ್ಟಡ, ಪ್ರತಿ ಮೈದಾನದ ಸುತ್ತ ಪಾಲಿಗಾನ್ (ಸುತ್ತುಗೆರೆ) ಎಳೆದು, ನಡೆದು ಕಂಡದ್ದನ್ನು ಹೆಸರು ಸಮೇತ ತುಂಬಿದೆ. ರಸ್ತೆಗಳನ್ನು ಜನರೇ ಸೇರಿ ಮಾಡುವ ಉಚಿತ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ತಂದು ಮೇಲೆ ಹಾಸಿದೆ. ವಾರಗಟ್ಟಲೆ ಹಿಡಿಯಿತು. ಇಡೀ ತಾಲ್ಲೂಕಿಗೆ ಹೀಗೆ ಮಾಡಲು ಆಗುವುದಿಲ್ಲ, ಒಂದು ಕ್ಯಾಂಪಸ್ಸಿಗೆ ಖಂಡಿತ ಆಗುತ್ತದೆ. ನನ್ನ ಪ್ರಕಾರ ಹೀಗೇ ಮಾಡಬೇಕು. ಒಂದು ಮಾತು: ವಿಸ್ತೀರ್ಣ ಲೆಕ್ಕ ಹಾಕುವ ಮುಂಚೆ ಎಲ್ಲ ಲೇಯರುಗಳೂ ಯುಟಿಎಂ 43 ಉತ್ತರ ವಲಯದಲ್ಲಿ (ಮೀಟರಿನಲ್ಲಿ ಅಳೆಯುವ ನಕ್ಷೆ ಪದ್ಧತಿಯಲ್ಲಿ ಮೈಸೂರು ಬೀಳುವ ವಲಯ) ಇವೆಯಾ ನೋಡಿಕೊಳ್ಳಿ. ಇಲ್ಲದಿದ್ದರೆ ಚದರ ಮೀಟರಿನ ಲೆಕ್ಕ ಹಳಿ ತಪ್ಪುತ್ತದೆ.

ಕೆರೆಯ ಅಂಚು ಇನ್ನೂ ನನಗೆ ಸಮಾಧಾನ ತಂದಿಲ್ಲ. ಜೊಂಡು ಬೆಳೆದ ಕಡೆ ನೀರಿನ ಪಿಕ್ಸೆಲ್ಲುಗಳು ಹುಲ್ಲಾಗಿ ಕೂತಿವೆ. ನೀರು ಇಳಿದಾಗ ಒಮ್ಮೆ, ತುಂಬಿದಾಗ ಒಮ್ಮೆ ದಂಡೆಯ ಮೇಲೆ ನಡೆದು ಆ ಗೆರೆಯನ್ನು ಕೈಯಲ್ಲೇ ಎಳೆಯಬೇಕು. ತಾತ ತೋರಿಸಿದ ಬಯಲಿಗೆ ಮಾತ್ರ ಈಗ ಬೇರೆ ಬಣ್ಣ ಕೊಟ್ಟಿದ್ದೇನೆ. ಪಕ್ಕದಲ್ಲಿ 'ಮೇವು' ಅಂತ ಬರೆದಿದ್ದೇನೆ.