ಕಾಲ ಬುಡದ ಒಲೆಯನ್ನು ತಣಿಸುವುದು ಹೇಗೆ?

ಜೂನ್ ತಿಂಗಳ ಒಂದು ಸಂಜೆ, ಅರಿಜೋನಾದ ಫೀನಿಕ್ಸ್ ನಗರದಲ್ಲಿ ಕೆಂಪು ದೀಪಕ್ಕೆ ಕಾರು ನಿಲ್ಲಿಸಿದ್ದೆ. ಎರಡು ಚಳಿಗಾಲ ಗ್ಯಾರೇಜಿನಲ್ಲಿ ಕುಳಿತು, ಪೆಟ್ಟಿಗೆಗಳಲ್ಲಿ ಬಂದ ಬಿಡಿಭಾಗಗಳಿಂದ ಜೋಡಿಸಿದ ಕೋಬ್ರಾ ಮಾದರಿಯ ರೋಡ್‌ಸ್ಟರ್ ಅದು. ಛಾವಣಿಯಿಲ್ಲದ ಕಾರು, ನೆತ್ತಿ ಸುಡುತ್ತದೆ ಎಂದು ಟೋಪಿ ಹಾಕಿಕೊಂಡು ಹೊರಟಿದ್ದೆ. ಆದರೆ ತಾಳಲಾರದ ಉರಿ ಬಂದದ್ದು ಬ್ರೇಕಿನ ಮೇಲಿಟ್ಟ ಬಲಗಾಲಿಗೆ. ಬೂಟಿನ ಒಳಗೆ ಕೆಂಡ ಸುರಿದ ಹಾಗಿತ್ತು. ರಾಯಚೂರಿನಲ್ಲಿ ಬೆಳೆದ ನನಗೆ ಬಿಸಿಲು ಹೊಸದಲ್ಲ; ಇದು ಬಿಸಿಲಿನ ಉರಿಯೇ ಆಗಿರಲಿಲ್ಲ.

ಈ ಕಾರಿನ ಹುಟ್ಟನ್ನು ನೋಡಿದರೆ ಕಾರಣ ತಿಳಿಯುತ್ತದೆ. 1962ರಲ್ಲಿ ಅಮೆರಿಕದ ಕ್ಯಾರೊಲ್ ಶೆಲ್ಬಿ, ಇಂಗ್ಲೆಂಡಿನ ಎಸಿ ಎಂಬ ಕಾರು ಕಂಪನಿಯ ಏಸ್ ಎಂಬ ಪುಟ್ಟ ಕಾರಿಗೆ ಫೋರ್ಡ್‌ನ ವಿ8, ಅಂದರೆ ಎಂಟು ಸಿಲಿಂಡರಿನ, ಎಂಜಿನ್ ಕೂರಿಸಿ ಕೋಬ್ರಾ ಮಾಡಿದರು. ಎರಡು ಲೀಟರ್ ಎಂಜಿನ್ನಿಗೆಂದು ಹುಟ್ಟಿದ ವಿನ್ಯಾಸದೊಳಗೆ ನಾಲ್ಕೂಕಾಲು ಲೀಟರ್ ಎಂಜಿನ್ ಬಂತು. 1965ರ ಹೊತ್ತಿಗೆ ಅಗಲಿಸಿದ ಮೈಯಲ್ಲಿ ಏಳು ಲೀಟರಿನದು ಕುಳಿತಿತ್ತು. ಇಂದು ಕಿಟ್ ಕೊಂಡು ಕಟ್ಟುವವರು ಹೆಚ್ಚಾಗಿ ಅನುಸರಿಸುವುದು ಈ ಮಾದರಿಯನ್ನೇ. ಮ್ಯಾಸಚೂಸೆಟ್ಸ್‌ನ ಫ್ಯಾಕ್ಟರಿ ಫೈವ್ ರೇಸಿಂಗ್ 1995ರಿಂದ ಇಂಥ ಕಿಟ್‌ಗಳನ್ನು ಮಾಡುತ್ತಿದೆ. ಚಾಲಕನ ಕಾಲುಗಳಿರುವ ಅಲ್ಯೂಮಿನಿಯಂ ಗೂಡಿಗೆ ಫುಟ್‌ಬಾಕ್ಸ್ ಎನ್ನುತ್ತಾರೆ. ಅದು ಎಂಜಿನ್ನಿನ ಪಕ್ಕಕ್ಕೇ ಬರುತ್ತದೆ. ಹೊಗೆಯನ್ನು ಹೊರಗೊಯ್ಯುವ ಹೆಡರ್ ಕೊಳವೆಗಳು ಆ ಗೂಡಿನ ಗೋಡೆಗೆ ಕೆಲವೇ ಅಂಗುಲ ದೂರದಲ್ಲಿ ಹಾದುಹೋಗುತ್ತವೆ.

ಕಟ್ಟುವವರಲ್ಲಿ ಬಹಳ ಜನ ಮೊದಲು ಮಾಡುವುದು, ಅಂಗಡಿಯಿಂದ ಬೆಳ್ಳಿ ಬಣ್ಣದ ಹಾಳೆ ತಂದು ಕಾರ್ಪೆಟ್ ಕೆಳಗೆ ಅಂಟಿಸುವುದು. ನಾನೂ ಅದನ್ನೇ ಮಾಡಿ ಹಣ ಕಳೆದುಕೊಂಡೆ. ಅದು ಬೇಡದ ಕೆಲಸವೇನಲ್ಲ, ಆದರೆ ಅದರ ಸರದಿ ಮೂರನೆಯದು. ನಮ್ಮ ಹಳೆಯ ಮನೆಗಳಲ್ಲಿ ಬಚ್ಚಲ ಹಂಡೆಯ ಒಲೆಗೆ ಬಾಯಿಯನ್ನು ಹೊರಗೋಡೆಗೆ ಇಡುತ್ತಿದ್ದರು. ಬೆಂಕಿಯನ್ನು ಹೊರಗೇ ನಿಲ್ಲಿಸಿದ ಮೇಲೆ ಒಳಗಿನ ಮಾತು. ಇಲ್ಲೂ ಅದೇ ಕ್ರಮ.

ಮೊದಲು ಬೆಂಕಿಯ ಬಳಿಗೆ ಹೋಗಿ

ಹೆಡರ್ ಕೊಳವೆಗಳಿಗೆ ಒಳಗೂ ಹೊರಗೂ ಸೆರಾಮಿಕ್ ಲೇಪನ ಮಾಡಿಸಿ. ಕಾದ ಲೋಹ ಹೊಡೆಯುವ ಕಾವು ಉಷ್ಣತೆಯ ಜೊತೆ ಒಂದಕ್ಕೊಂದರಂತೆ ಏರುವುದಿಲ್ಲ, ಕೆಲ್ವಿನ್ ಲೆಕ್ಕದ ಉಷ್ಣತೆಯ ನಾಲ್ಕನೇ ಘಾತದಲ್ಲಿ ಏರುತ್ತದೆ. ಹಾಗಾಗಿ ಕೊಳವೆಯ ಮೇಲ್ಮೈ 500 ಡಿಗ್ರಿ ಸೆಲ್ಸಿಯಸ್‌ನಿಂದ 400ಕ್ಕೆ ಇಳಿದರೂ ಅದು ಸೂಸುವ ಕಾವು ಶೇ 40ಕ್ಕಿಂತ ಹೆಚ್ಚು ತಗ್ಗುತ್ತದೆ. ಕೊಳವೆಗೆ ಗಾಜಿನ ನಾರಿನ ಪಟ್ಟಿ ಸುತ್ತುವ ಅಗ್ಗದ ದಾರಿಯೂ ಉಂಟು. ನಾನು ಅದನ್ನು ಮಾಡಿ ಎನ್ನಲಾರೆ: ಪಟ್ಟಿ ತೇವ ಹಿಡಿದಿಟ್ಟುಕೊಂಡು ಮಾಮೂಲಿ ಉಕ್ಕಿನ ಕೊಳವೆಗೆ ಒಳಗಿಂದೊಳಗೇ ತುಕ್ಕು ಹಿಡಿಸುತ್ತದೆ.

ಅನಂತರ ಹೆಡರ್ ಮತ್ತು ಫುಟ್‌ಬಾಕ್ಸ್ ನಡುವೆ ಒಂದು ತಡೆತಗಡು. ಒಂದು ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಸಾಕು. ಅದನ್ನು ಗೋಡೆಗೆ ತಾಗಿಸಿ ಹೊಡೆಯಬೇಡಿ. ಸಣ್ಣ ಲೋಹದ ಬುಷ್‌ಗಳನ್ನಿಟ್ಟು ಅರ್ಧ ಅಂಗುಲ ದೂರ ನಿಲ್ಲಿಸಿ, ಮೇಲೂ ಕೆಳಗೂ ತೆರೆದಿಡಿ. ಕಾದ ಗಾಳಿ ಮೇಲೆದ್ದು ಹೋಗುತ್ತದೆ, ತಂಪು ಗಾಳಿ ಕೆಳಗಿನಿಂದ ಬರುತ್ತದೆ. ಕೆಲಸ ಮಾಡುವುದು ತಗಡಿಗಿಂತ ಹೆಚ್ಚಾಗಿ ಆ ಅರ್ಧ ಅಂಗುಲದ ಜಾಗ. ಮುಂದಿನ ಚಕ್ರದ ಹಿಂದೆ, ಮೈಯ ಪಕ್ಕದಲ್ಲಿರುವ ಕಿಂಡಿಗಳು ಎಂಜಿನ್ ಗೂಡಿನ ಬಿಸಿಗಾಳಿ ಹೊರಹೋಗುವ ಬಾಗಿಲು. ಚೆಂದಕ್ಕೆಂದು ಅಲ್ಲಿ ಒತ್ತಾದ ಜಾಲರಿ ಹಾಕಿ ಮುಚ್ಚಬೇಡಿ.

ಇನ್ನು ತೂತುಗಳು

ಇಡೀ ಕೆಲಸದಲ್ಲಿ ನಾನು ಅತಿ ಹೆಚ್ಚು ಮಹತ್ವ ಕೊಡುವುದು ಇದಕ್ಕೆ. ಓಡುವ ತೆರೆದ ಕಾರಿನಲ್ಲಿ ಕುಳಿತವರ ಕೂದಲು ಹಿಂದಕ್ಕೆ ಹಾರುವ ಬದಲು ಮುಂದಕ್ಕೆ, ಮುಖದ ಮೇಲೆ ಬೀಳುವುದನ್ನು ನೋಡಿರಬಹುದು. ಗಾಳಿ ಮುಂಗಾಜಿನ ಮೇಲೆ ಹಾರಿ ಹೋಗುವಾಗ ಅದರ ಹಿಂದೆ ಒತ್ತಡ ಕುಸಿಯುತ್ತದೆ, ಸುತ್ತಲಿನ ಗಾಳಿ ಆ ಜಾಗಕ್ಕೆ ನುಗ್ಗುತ್ತದೆ. ಕಾಕ್‌ಪಿಟ್, ಅಂದರೆ ನಾವು ಕೂರುವ ಗೂಡು, ಹೀಗೆ ಎಲ್ಲ ಕಡೆಯಿಂದ ಗಾಳಿ ಹೀರುತ್ತಿರುತ್ತದೆ. ಎಂಜಿನ್ ಕಡೆ ಬೆರಳು ತೂರುವಷ್ಟು ತೂತಿದ್ದರೂ ಸಾಕು, ಅಲ್ಲಿಂದ ಬಿಸಿಗಾಳಿ ಊದುಗೊಳವೆಯಲ್ಲಿ ಬಂದ ಹಾಗೆ ನಿಮ್ಮ ಕಣಕಾಲಿಗೆ ಬಡಿಯುತ್ತದೆ. ಅದರ ಜೊತೆ ಕಾರ್ಬನ್ ಮೊನಾಕ್ಸೈಡ್ ಕೂಡ ಬರಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಂಪಿನ ಆಸೆಗಲ್ಲದಿದ್ದರೂ ಜೀವದ ಸಲುವಾಗಿ ತೂತು ಮುಚ್ಚಲೇಬೇಕು.

ತೂತು ಹುಡುಕಲು ಕಣ್ಣು ಸಾಲದು, ಕತ್ತಲು ಬೇಕು. ರಾತ್ರಿ ಗ್ಯಾರೇಜಿನ ದೀಪ ಆರಿಸಿ, ಪ್ರಖರವಾದ ಎಲ್‌ಇಡಿ ದೀಪವೊಂದನ್ನು ಫುಟ್‌ಬಾಕ್ಸ್ ಒಳಗಿಟ್ಟು, ಬಾನೆಟ್ ಎತ್ತಿ ಎಂಜಿನ್ ಕಡೆಯಿಂದ ನೋಡಿ. ನಾನು ಹೀಗೆ ನೋಡಿದ ರಾತ್ರಿ, ಗಟ್ಟಿಯಾಗಿ ಮುಚ್ಚಿದ್ದೇನೆ ಎಂದುಕೊಂಡಿದ್ದ ಗೋಡೆಯಲ್ಲಿ ನಕ್ಷತ್ರಗಳ ಹಾಗೆ ಬೆಳಕು ಮಿನುಗಿತು. ಎರಡು ತಗಡು ಕೂಡುವ ಮೂಲೆಗಳಲ್ಲಿ, ರಿವೆಟ್ ಹೊಡೆಯದೆ ಬಿಟ್ಟ ರಂಧ್ರಗಳಲ್ಲಿ, ಸ್ಟೀರಿಂಗ್ ದಂಡ ಒಳಬರುವಲ್ಲಿ, ಎಲ್ಲಕ್ಕಿಂತ ಜೋರಾಗಿ ವೈರಿಂಗ್ ಕಟ್ಟು ಹಾಯುವ ತೂತಿನಲ್ಲಿ. ಬಿಳಿ ಸೀಮೆಸುಣ್ಣದಿಂದ ಒಂದೊಂದಕ್ಕೂ ಸುತ್ತು ಹಾಕುತ್ತಾ ಹೋದೆ.

ಮೂಲೆ, ಸಂದುಗಳಿಗೆ ಹೆಚ್ಚು ಶಾಖ ತಾಳುವ ಸಿಲಿಕೋನ್ ತುಂಬಿ. ತಂತಿ, ಕೇಬಲ್ ಹಾಯುವಲ್ಲಿ ಗ್ರೋಮೆಟ್ ಎಂಬ ರಬ್ಬರ್ ಬಳೆ ಹಾಕಿ. ಗೇರ್ ಲಿವರ್ ಬುಡಕ್ಕೆ ಮೇಲಿನ ತೊಗಲಿನ ಹೊದಿಕೆಯೊಂದೇ ಸಾಲದು, ಅದರಡಿ ರಬ್ಬರಿನದೊಂದು ಬೇಕು. ಕೈಬ್ರೇಕ್ ಲಿವರಿನ ಉದ್ದನೆಯ ಸೀಳನ್ನು ಹಲವರು ಮರೆಯುತ್ತಾರೆ. ಗೇರ್‌ಬಾಕ್ಸ್ ಸುತ್ತಲಿನ ಬಿಸಿಗಾಳಿ ನೇರವಾಗಿ ಮೊಣಕೈಗೆ ಬರುವುದು ಅಲ್ಲಿಂದ. ಡಿಕ್ಕಿಯ ಕಡೆಯ ಸಂದುಗಳನ್ನೂ ಬಿಡಬೇಡಿ. ಫೈಬರ್ ಮೈಯನ್ನು ಚಾಸಿಗೆ, ಅಂದರೆ ಕಾರಿನ ಅಡಿಚೌಕಟ್ಟಿಗೆ, ಕೂರಿಸುವ ಮೊದಲೇ ಇದೆಲ್ಲ ಮುಗಿದರೆ ಒಂದು ದಿನದ ಕೆಲಸ. ಕೂರಿಸಿದ ಮೇಲೆ ಕೈಯೇ ತೂರುವುದಿಲ್ಲ.

ಈಗ ಹೊದಿಕೆ

ಅಂಗಡಿಯಲ್ಲಿ ಸಿಗುವ ಎರಡು ಬಗೆಯ ಹಾಳೆಗಳನ್ನು ಒಂದೇ ಎಂದು ತಿಳಿಯಬೇಡಿ. ಬೆಳ್ಳಿ ಮುಖದ, ಭಾರವಾದ ಬ್ಯುಟೈಲ್ ರಬ್ಬರಿನ ಹಾಳೆ ಇರುವುದು ತಗಡಿನ ಅದಿರಾಟ ತಗ್ಗಿಸಲು. ಶಾಖ ತಡೆಯುವ ಶಕ್ತಿ ಅದಕ್ಕೆ ಕಡಿಮೆ. ಶಾಖಕ್ಕೆ ಬೇಕಾದದ್ದು ಮುಚ್ಚುಗೂಡಿನ ಫೋಮ್, ಅಂದರೆ ನೀರು ಹೀರದ ಬಗೆಯದು. ಹೀರುವ ಫೋಮ್ ಒಂದು ಮಳೆಗೆ ನೆಂದರೆ ತಿಂಗಳುಗಟ್ಟಲೆ ಒದ್ದೆಯಾಗಿದ್ದು ತಗಡನ್ನು ತಿನ್ನುತ್ತದೆ. ಮನೆ ಛಾವಣಿಗೆ ಅಂಟಿಸುವ ಡಾಂಬರಿನ ಪಟ್ಟಿಯನ್ನು ನಾನು ಒಮ್ಮೆ ಬಳಸಿದೆ. ಮೊದಲ ಬೇಸಿಗೆಯಲ್ಲೇ ಮೆತ್ತಗಾಗಿ, ರಸ್ತೆ ಹಾಕುವಾಗ ಬರುವ ವಾಸನೆ ಕಾರಿನ ತುಂಬ ತುಂಬಿತು. ಕೆರೆದು ತೆಗೆಯಲು ಮೂರು ಭಾನುವಾರ ಬೇಕಾದವು.

ಬೆಳ್ಳಿ ಮುಖದ ವಿಷಯದಲ್ಲಿ ಒಂದು ಮಾತು. ಅದು ಕಾವನ್ನು ಹಿಂದಕ್ಕೆ ಹೊಡೆಯಬೇಕಾದರೆ ಅದರ ಎದುರಿಗೆ ಖಾಲಿ ಗಾಳಿ ಇರಬೇಕು. ಕಾರ್ಪೆಟ್ಟಿಗೆ ಅಂಟಿಕೊಂಡ ಬೆಳ್ಳಿ ಹಾಳೆ ಬರೀ ಲೋಹ, ಶಾಖವನ್ನು ಹಾಯಿಸಿಬಿಡುತ್ತದೆ. ಆದ್ದರಿಂದ ಹೊಳೆಯುವ ಮುಖ ಎಂಜಿನ್ ಕಡೆಯ ಖಾಲಿ ಗಾಳಿಗೆ, ಫೋಮ್ ಕಾಲಿನ ಕಡೆಗೆ. ಕಾರ್ಪೆಟ್ಟಿನ ಅಂಟನ್ನೂ ಶಾಖ ತಾಳುವಂಥದನ್ನೇ ಕೊಳ್ಳಿ.

ಕೆಲಸ ಎಷ್ಟರಮಟ್ಟಿಗೆ ಫಲಿಸಿದೆ ಎಂದು ಅಳೆಯಲು ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಒಳ್ಳೆಯದು. ಆದರೆ ಹೊಳೆಯುವ ಅಲ್ಯೂಮಿನಿಯಂ ಮೇಲೆ ನೇರವಾಗಿ ಗುರಿಯಿಟ್ಟರೆ ಅದು ತಪ್ಪು ತೋರಿಸುತ್ತದೆ. ಹೊಳಪಿನ ಲೋಹ ತಾನು ಕಾದಷ್ಟನ್ನು ಸೂಸುವುದಿಲ್ಲ, ಹಾಗಾಗಿ ಅಂಕಿ ನಿಜಕ್ಕಿಂತ ಬಹಳ ಕೆಳಗೆ ಬರುತ್ತದೆ. ಆ ಅಂಕಿಯನ್ನು ನಂಬಿ ನಾನು ತಗಡಿನ ಮೇಲೆ ಅಂಗೈ ಊರಿದೆ, ಬೊಬ್ಬೆ ಎದ್ದಿತು. ಕರಿ ಇನ್ಸುಲೇಶನ್ ಟೇಪಿನ ಎರಡಂಗುಲ ತುಂಡನ್ನು ಒಳಗೋಡೆಗೆ ಅಂಟಿಸಿ, ಐದು ನಿಮಿಷ ಬಿಟ್ಟು, ಟೇಪಿಗೆ ಗುರಿಯಿಟ್ಟು ಓದಿ. ಆಗ ಬರುವುದು ನಂಬಬಹುದಾದ ಲೆಕ್ಕ.

ಕೊನೆಗೆ ಗಾಳಿ

ಮೂತಿಯ ಬಳಿಯಿಂದ ಮೂರಂಗುಲ ಅಗಲದ ಬಾಗುವ ಕೊಳವೆಯೊಂದನ್ನು ಫುಟ್‌ಬಾಕ್ಸ್‌ಗೆ ತನ್ನಿ. ಅದರ ಬಾಯಿ ರೇಡಿಯೇಟರಿನ ಮುಂದೆಯೇ ಇರಬೇಕು. ಹಿಂದಿದ್ದರೆ ರೇಡಿಯೇಟರ್ ಕಾಯಿಸಿದ ಗಾಳಿಯನ್ನೇ ಕಾಲಿಗೆ ತಂದುಕೊಂಡಂತೆ. ಬಾಯಿಗೆ ಜಾಲರಿ, ಒಳತುದಿಗೆ ಮುಚ್ಚಲು ತೆರೆಯಲು ಒಂದು ಪುಟ್ಟ ಕವಾಟ ಹಾಕಿ, ಚಳಿಗಾಲದಲ್ಲಿ ಬೇಕಾಗುತ್ತದೆ. ತೂತುಗಳಿಂದ ಬಿಸಿಗಾಳಿ ಎಳೆಯುತ್ತಿದ್ದ ಅದೇ ಸೆಳೆತ ಈಗ ಈ ಕೊಳವೆಯಿಂದ ಹೊಸ ಗಾಳಿಯನ್ನು ಎಳೆಯುತ್ತದೆ. ತೂತು ಮುಚ್ಚದೆ ಕೊಳವೆ ಹಾಕಿದವರಿಗೆ ಅರ್ಧ ಫಲವೂ ಸಿಗದಿರುವುದು ಇದಕ್ಕೇ. ಸಿಗ್ನಲ್‌ನಲ್ಲಿ ನಿಂತಾಗ ಸೆಳೆತ ಇರುವುದಿಲ್ಲ; ಸಿಗ್ನಲ್‌ಗಳು ಹೆಚ್ಚಿರುವ ಊರಿನಲ್ಲಿದ್ದರೆ ಕೊಳವೆಯ ಮಧ್ಯೆ 12 ವೋಲ್ಟಿನ, ದೋಣಿಗಳಲ್ಲಿ ಬಳಸುವ ಸಣ್ಣ ಬ್ಲೋವರ್ ಸೇರಿಸಿ.

ಮೇಲಿನ ಬಿಸಿಲಿಗೆ ಕ್ಯಾನ್ವಾಸಿನ ಬಿಚ್ಚಿಡಬಹುದಾದ ಚಪ್ಪರ, ನಿಲ್ಲಿಸಿದಾಗ ಸೀಟಿನ ಮೇಲೆ ಬಿಳಿ ಹತ್ತಿಯ ಬಟ್ಟೆ. ಸೀಟ್ ಬೆಲ್ಟಿನ ಲೋಹದ ಕೊಂಡಿಯನ್ನೂ ಆ ಬಟ್ಟೆಯ ಅಡಿ ಸೇರಿಸಿ. ಒದ್ದೆ ಟವೆಲ್ಲನ್ನು ಕುತ್ತಿಗೆಗೆ ಸುತ್ತಿಕೊಳ್ಳುವುದು ಫೀನಿಕ್ಸಿನ ಒಣಗಾಳಿಯಲ್ಲಿ ಬಹಳ ಹಿತ, ನಮ್ಮ ರಾಯಚೂರು, ಕಲಬುರಗಿಯ ಬೇಸಿಗೆಯಲ್ಲೂ ಹಿತವೇ. ಮಂಗಳೂರಿನಂಥ ತೇವದ ಕಡೆ ನೀರು ಆರುವುದೇ ಇಲ್ಲ, ಬರೀ ಭಾರ.

ಇಳಿಯುವಾಗ ಎಚ್ಚರ. ಎರಡೂ ಬಾಗಿಲುಗಳ ಕೆಳಗೆ ಎಂಜಿನ್ನಿನ ಹೊಗೆ ಸಾಗುವ ಸೈಡ್ ಪೈಪ್‌ಗಳು ಹಾದುಹೋಗುತ್ತವೆ. ಎಂಜಿನ್ ಆರಿಸಿ ಬಹಳ ಹೊತ್ತಾದರೂ ಅವು ಆರಿರುವುದಿಲ್ಲ. ಬರಿಗಾಲ ಮೀನಖಂಡ ತಾಗಿ ಆಗುವ ಗಾಯಕ್ಕೆ ಕೋಬ್ರಾ ಇಟ್ಟುಕೊಂಡವರು ಹಾವಿನ ಕಡಿತ ಎಂದೇ ಹೆಸರಿಟ್ಟಿದ್ದಾರೆ. ಪೈಪಿನ ಮೇಲ್ಭಾಗಕ್ಕೆ ತೂತುಗಳಿರುವ ರಕ್ಷಾತಗಡು ಹಾಕಿಸಿ, ಉದ್ದ ಪ್ಯಾಂಟ್ ತೊಡಿ. ಮಕ್ಕಳನ್ನು ಮಾತ್ರ ತಾವಾಗಿ ಇಳಿಯಲು ಬಿಡದೆ, ಕಂಕುಳಿಗೆ ಕೈಕೊಟ್ಟು ಎತ್ತಿಯೇ ಇಳಿಸಿ.